ಚೌರಿ, ಕ್ಲಿಪ್, ಟೇಪ್, ಟಾಪರ್: ನಾನೇ ಹಾಕಿಕೊಂಡು ನೋಡಿದ ಮೇಲೆ

ನಮ್ಮಜ್ಜಿಯ ಚೌರಿ ನಡುಮನೆಯ ಕನ್ನಡಿ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಬಂದವರಿಗೆಲ್ಲ ಕಾಣುತ್ತಿತ್ತು. ಹಬ್ಬದ ದಿನ ಅಜ್ಜಿ ಅದಕ್ಕೆ ಒಂದು ಹನಿ ಎಣ್ಣೆ ಸವರಿ, ಸಿಕ್ಕು ಬಿಡಿಸಿ, ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಮದುವೆಗೆ ಹೊರಟರೆ "ನಿಮ್ಮ ಚೌರಿ ಒಂದಿನಕ್ಕೆ ಕೊಡಿ" ಅಂತ ಕೇಳಿ ಒಯ್ಯುತ್ತಿದ್ದರು. ಒಗ್ಗರಣೆಗೆ ಕರಿಬೇವು ಕೇಳಿದಷ್ಟೇ ಸಲೀಸು.

ನಾನು ಮಾತ್ರ ಎರಡು ವರ್ಷ ಮುಚ್ಚಿಟ್ಟೆ.

ಡೆಂಗಿ ಬಂದು ಹೋಗಿ ಎರಡೂವರೆ ತಿಂಗಳಿಗೆ ನನ್ನ ಕೂದಲು ಉದುರೋಕೆ ಶುರುವಾಯಿತು. ಬಾಚಣಿಗೆ ತುಂಬ, ಬಚ್ಚಲ ಜಾಲರಿ ತುಂಬ, ದಿಂಬಿನ ಮೇಲೆಲ್ಲ. ಚರ್ಮದ ಡಾಕ್ಟರು ಇದಕ್ಕೆ ಟೆಲೋಜನ್ ಎಫ್ಲುವಿಯಮ್ ಅಂತ ಹೆಸರು ಹೇಳಿದರು. ಜೋರು ಜ್ವರ, ಹೆರಿಗೆ, ಆಪರೇಷನ್ ಇಂಥದ್ದಾದಾಗ ಬೆಳೆಯುತ್ತಿದ್ದ ಕೂದಲು ಎಷ್ಟೋ ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ನನ್ನದು ಅದಕ್ಕಿಂತ ಎಷ್ಟೋ ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಅಂಶವೂ ಕಡಿಮೆ. ಔಷಧಿ ತಗೊಂಡೆ, ಉದುರುವುದು ನಿಂತಿತು. ಆದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಸೊಂಟದವರೆಗೆ ಇದ್ದದ್ದು ಮತ್ತೆ ಬರಬೇಕಾದರೆ ವರ್ಷಗಳೇ ಬೇಕು. ಬೈತಲೆ ಅಗಲವಾಗಿಯೇ ಉಳಿಯಿತು. ಹೀಗೆ ತಲೆಗೆ ಸೇರಿಸಿಕೊಳ್ಳುವ ಕೂದಲುಗಳನ್ನು ಒಂದೊಂದಾಗಿ ತಂದು ಹಾಕಿ ನೋಡತೊಡಗಿದೆ.

ಇದನ್ನು ಬರೆಯೋಕೆ ಕಾರಣ ಆಫೀಸಿನ ಒಬ್ಬ ಹುಡುಗಿ. ಹೊಸದಾಗಿ ಸೇರಿದವಳು. ನನ್ನ ಕೂದಲು ನೋಡಿ "ಏನು ಹಚ್ತೀರಾ ಮೇಡಂ, ಎಷ್ಟು ದಟ್ಟ ಇದೆ" ಅಂದಳು. ಆಗ ನನ್ನ ತಲೆಯಲ್ಲಿ ಬೇರೆಯವರ ಕೂದಲಿನ ಏಳು ಪಟ್ಟಿ ಇದ್ದವು. ನಾನು "ಕೊಬ್ಬರಿ ಎಣ್ಣೇಲಿ ಕರಿಬೇವು, ದಾಸವಾಳದ ಎಲೆ ಹಾಕಿ ಕಾಯಿಸಿ ಹಚ್ತೀನಿ" ಅಂದುಬಿಟ್ಟೆ. ಅವಳು ಮೂರು ತಿಂಗಳು ಅದನ್ನೇ ಮಾಡಿದಳು. ಪಿಜಿಯಲ್ಲಿ ಒಲೆ ಇಲ್ಲ ಅಂತ ಊರಿಗೆ ಹೋದಾಗಲೆಲ್ಲ ಅಮ್ಮನ ಕೈಲಿ ಕಾಯಿಸಿಕೊಂಡು ಬಾಟಲಿಯಲ್ಲಿ ತರುತ್ತಿದ್ದಳಂತೆ. ಒಂದು ದಿನ ಬಂದು "ನಂದು ಬೆಳೀತಾನೇ ಇಲ್ಲ ಮೇಡಂ, ನನ್ನ ಕೂದಲೇ ಸರಿ ಇಲ್ಲ ಅನ್ಸುತ್ತೆ" ಅಂದಳು. ನನಗೆ ತಡೆಯಲಾಗಲಿಲ್ಲ. ಅವಳನ್ನು ವಾಶ್‌ರೂಮಿಗೆ ಕರೆದುಕೊಂಡು ಹೋಗಿ, ಕಿವಿಯ ಹಿಂದಿನ ಒಂದು ಪಟ್ಟಿ ಬಿಚ್ಚಿ ಅವಳ ಅಂಗೈಗೆ ಇಟ್ಟೆ. ಆಮೇಲೆ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ. ಇಲ್ಲೂ ಹಾಗೇ.

ಮೊದಲು ಅಗ್ಗದ ಕ್ಲಿಪ್. ಆನ್‌ಲೈನಿನಲ್ಲಿ 700 ರೂಪಾಯಿಗೆ ತರಿಸಿದೆ. ಒಂದೇ ಅಗಲ ಪಟ್ಟಿ, ಐದು ಕ್ಲಿಪ್, ಸಿಂಥೆಟಿಕ್ ಕೂದಲು. ಹಾಕೋಕೆ ಎರಡು ನಿಮಿಷ ಸಾಕು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಲಿಗೆ ಬಂದರೆ ಗೊಂಬೆ ಕೂದಲ ಹಾಗೆ ಮಿರಿಮಿರಿ. ಕತ್ತಿನ ಹತ್ತಿರ ಚೂಡಿದಾರದ ಬಟ್ಟೆಗೆ ಉಜ್ಜಿ ಉಜ್ಜಿ ಮಧ್ಯಾಹ್ನದ ಹೊತ್ತಿಗೆ ಗಂಟು. ಬಸ್ಸಿನ ಸೆಕೆಗೆ ತುರಿಕೆ ಬೇರೆ. ತುದಿ ನೇರ ಮಾಡೋಣ ಅಂತ ಸ್ಟ್ರೇಟ್ನರ್ ಇಟ್ಟೆ. ಚುರ್ ಅಂತ ಸುರುಟಿಕೊಂಡು ಗಟ್ಟಿಯಾಯಿತು. ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಹಾಗಾಗಿ ಇದನ್ನು ಹಾಕಿಕೊಂಡು ಹೋಮದ ಮುಂದೆ ಕೂರಬೇಡಿ, ಒಲೆ ಮುಂದೆ ಬಗ್ಗಬೇಡಿ, ಮಂಗಳಾರತಿ ತಟ್ಟೆ ಹಿಡಿಯುವಾಗಲೂ ಹುಷಾರು. ನಾಲ್ಕು ಸಲ ಹಾಕಿ ಬಿಟ್ಟೆ.

ಅಜ್ಜಿಯ ಕಾಲದ ಚೌರಿಗೆ ಬಂದದ್ದು ಅದಾದ ಮೇಲೆ. ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲಿ ನೈಲಾನಿನದ್ದು 250 ರೂಪಾಯಿಗೆ ಸಿಕ್ಕಿತು. ನಿಜವಾದ ಕೂದಲಿನದ್ದಕ್ಕೆ ಅದರ ಹಲವು ಪಟ್ಟು. ಇದರ ಕಟ್ಟುವ ಕ್ರಮವೇ ಬೇರೆ. ಮೇಲೆ ದಾರದ ಕುಣಿಕೆ, ಕೆಳಗೆ ಮೂರು ಕಾಲು. ನಮ್ಮ ಕೂದಲನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಕಾಲು ಸೇರಿಸಿ ಹೆಣೆಯಬೇಕು. ಹೆಣಿಗೆಯೇ ಅದನ್ನು ಹಿಡಿದುಕೊಳ್ಳುತ್ತದೆ. ಕ್ಲಿಪ್ಪಿಲ್ಲ, ಅಂಟಿಲ್ಲ. ಜಡೆಯ ಒಳಗೆ ಇರುವುದರಿಂದ ಬಣ್ಣ ಸ್ವಲ್ಪ ಹೊಂದದಿದ್ದರೂ ಅಷ್ಟಾಗಿ ಕಾಣುವುದಿಲ್ಲ. ಮೇಲೆ ಮಲ್ಲಿಗೆ ಮುಡಿದರೆ ಮುಗಿಯಿತು.

ಭಾರ ಜಾಸ್ತಿ, ಅದು ನಿಜ. ನನ್ನ ಅಣ್ಣನ ಮಗಳ ಮದುವೆಯಲ್ಲಿ ಬೆಳಿಗ್ಗೆ ಐದಕ್ಕೆ ಹೆಣೆದದ್ದು, ಸಂಜೆ ಆರತಕ್ಷತೆ ಹೊತ್ತಿಗೆ ಹೆಡಕು ಹಿಡಿದುಕೊಂಡಿತ್ತು. ಕೂದಲು ಬಿಟ್ಟುಕೊಂಡು ಹೋಗಬೇಕು ಅಂದರೆ ಇದು ಆಗುವುದೇ ಇಲ್ಲ. ಜಡೆ, ತುರುಬು, ಎರಡೇ. ಆದರೆ ಇದಕ್ಕಿರುವ ಒಂದು ಗುಣ ಬೇರೆ ಯಾವುದಕ್ಕೂ ಇಲ್ಲ. ಇದನ್ನು ಯಾರೂ ಮುಚ್ಚಿಡುವುದಿಲ್ಲ. ಆ ಮದುವೆಯಲ್ಲಿ ನಮ್ಮ ಅತ್ತಿಗೆ ಎಲ್ಲರ ಎದುರಿಗೇ ನನ್ನನ್ನು ಮಣೆ ಮೇಲೆ ಕೂರಿಸಿ ಹೆಣೆದರು. ಒಬ್ಬರು ಕುಣಿಕೆ ಹಿಡಿದುಕೊಂಡರು, ಇನ್ನೊಬ್ಬರು ಕುಚ್ಚು ಕಟ್ಟಿದರು. ಚಿಕ್ಕವಳಿದ್ದಾಗ ಮೊಗ್ಗಿನ ಜಡೆ ಹಾಕಿಸಿಕೊಂಡು ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಹಾಕಿ ತೆಗೆಸಿಕೊಂಡ ಫೋಟೋ ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಇದೆ, ಅಲ್ವಾ? ಆ ಜಡೆಯ ಒಳಗೆ ಇದ್ದದ್ದು ಚೌರಿಯೇ. ಆರು ವರ್ಷದ ಮಗುವಿಗೆ ಮಂಡಿಯುದ್ದ ಜಡೆ ಇರುವುದಿಲ್ಲ ಅಂತ ನೋಡಿದವರಿಗೆಲ್ಲ ಗೊತ್ತಿತ್ತು. ಯಾರೂ "ನಿಂದೇನಾ ಕೂದಲು" ಅಂತ ಕೇಳಲಿಲ್ಲ.

ಮೂರನೆಯದು ನಿಜವಾದ ಕೂದಲಿನ ಕ್ಲಿಪ್ ಸೆಟ್. 18 ಇಂಚು, ಏಳು ಪಟ್ಟಿ. 9,000 ರೂಪಾಯಿ ಕೊಟ್ಟೆ. ಕೊಳ್ಳುವ ಮೊದಲು ಒಂದು ಕೂದಲು ಎಳೆದು ಬೆಂಕಿಕಡ್ಡಿ ತೋರಿಸಿ ನೋಡಿ. ನಿಜವಾದದ್ದು ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿ. ಸಿಂಥೆಟಿಕ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕೂರುತ್ತದೆ. ಅಂಗಡಿಯವರು "ರೆಮಿ" ಅನ್ನುತ್ತಾರೆ. ಎಲ್ಲ ಕೂದಲೂ ಬೇರಿನಿಂದ ತುದಿಗೆ ಒಂದೇ ದಿಕ್ಕಿಗೆ ಇರುವ ಹಾಗೆ ಜೋಡಿಸಿದ್ದು ಅಂತ ಅರ್ಥ. ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರ ಇರುತ್ತದೆ, ಮೀನಿನ ಹುರುಪೆಯ ಹಾಗೆ. ಕೆಲವು ಮೇಲ್ಮುಖ, ಕೆಲವು ಕೆಳಮುಖ ಆದರೆ ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತದೆ. ಅಂಥದ್ದಕ್ಕೆ ಆ ಪದರ ತೆಗೆದು ಸಿಲಿಕೋನ್ ಲೇಪ ಹಾಕಿ ಮಾರುತ್ತಾರೆ. ಹೊಸದರಲ್ಲಿ ರೇಷ್ಮೆ, ನಾಲ್ಕಾರು ಸಲ ತೊಳೆದ ಮೇಲೆ ನಾರು.

ಈ ಕೂದಲು ಎಲ್ಲಿಂದ ಬರುತ್ತದೆ ಅಂತ ಅಮ್ಮ ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು. ಉದ್ದ ಕೂದಲು ಎಷ್ಟೋ ಬರುವುದು ದೇವಸ್ಥಾನಗಳಿಂದ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಮುಡಿ ಕೊಡುತ್ತಾರೆ, ದೇವಸ್ಥಾನದವರು ಅದನ್ನು ಹರಾಜು ಹಾಕುತ್ತಾರೆ. ಇನ್ನೊಂದು ದಾರಿ ನಮ್ಮ ಮನೆ ಬಾಗಿಲೇ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿ ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಬೀದಿಯಲ್ಲಿ ಬರುವವರಿಗೆ ಕೊಟ್ಟು ಪಿನ್ನು, ಪಾತ್ರೆ ತಗೊಳ್ಳುತ್ತಿದ್ದದ್ದು ನೆನಪಿದೆಯಾ? ಅದೂ ಇದೇ ವ್ಯಾಪಾರ. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲಿನ ಉದ್ಯಮಕ್ಕೇ ಹೆಸರಾದ ಊರು. ಸಿಕ್ಕಿನ ಉಂಡೆಯನ್ನು ಬೆರಳಲ್ಲಿ ಬಿಡಿಸಿ, ತೊಳೆದು, ಉದ್ದ ನೋಡಿ ಬೇರೆ ಮಾಡುವ ಈ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ಅವರಿಗೆ ಕಣ್ಣಿಗೂ ಬೆನ್ನಿಗೂ ಎಷ್ಟು ಕಷ್ಟ ಅಂತ ಯೋಚಿಸಿದ ಮೇಲೆ ನಾನು ಈ ಸೆಟ್ಟನ್ನು ಬಟ್ಟೆ ಚೀಲದಲ್ಲಿ ಮಡಿಚಿ, ಜೋಪಾನವಾಗಿ ಇಡುತ್ತೇನೆ.

ಹಾಕುವ ವಿಷಯಕ್ಕೆ ಬಂದರೆ, ಮೊದಮೊದಲು 40 ನಿಮಿಷ ಬೇಕಾಯಿತು, ಈಗ 15. ನನ್ನಂಥ ತೆಳು ಕೂದಲಿಗೆ ಕ್ಲಿಪ್ ಜಾರುತ್ತದೆ. ಬೇರಿನ ಹತ್ತಿರ ಕೂದಲನ್ನು ಹಿಮ್ಮುಖವಾಗಿ ಎರಡು ಸಲ ಬಾಚಿ ಸ್ವಲ್ಪ ಒರಟು ಮಾಡಿ, ಅದರ ಮೇಲೆ ಕ್ಲಿಪ್ ಒತ್ತಿದರೆ ನಿಲ್ಲುತ್ತದೆ. ಎಣ್ಣೆ ಹಚ್ಚಿದ ತಲೆಗೆ ಹಾಕಬೇಡಿ. ಮಲಗುವಾಗ ತೆಗೆದಿಡಲೇಬೇಕು. ತಲೆಯಿಂದ ಜಿಡ್ಡು ಸಿಗದ ಕೂದಲಾದ್ದರಿಂದ ಬೇಗ ಒಣಗುತ್ತದೆ. ನಾನು 15-20 ಸಲ ಹಾಕಿದ ಮೇಲಷ್ಟೇ ತೊಳೆಯುತ್ತೇನೆ, ಕಂಡೀಷನರ್ ಧಾರಾಳ. ಉದ್ದ ಬೇಕು, ಕೂದಲು ಬಿಟ್ಟುಕೊಳ್ಳಬೇಕು ಅನ್ನುವವರಿಗೆ ಇದೇ ಸರಿ. ಆದರೆ ಮುಂದಿನ ಬೈತಲೆ ಹಾಗೇ ಇರುತ್ತದೆ. ಕೆಳಗೆ ದಟ್ಟ, ಮೇಲೆ ಬೋಳು ಬೋಳು. ನನಗೆ ಇದ್ದ ನಿಜವಾದ ತೊಂದರೆ ಮೇಲಿನದ್ದು.

ಟೇಪ್ ಹಾಕಿಸಿದ್ದಕ್ಕೆ ಮಾತ್ರ ಇವತ್ತಿಗೂ ಬೇಜಾರಿದೆ. ಒಂದು ಸಲೂನಿನಲ್ಲಿ 28,000 ರೂಪಾಯಿ ಕೊಟ್ಟು ಹಾಕಿಸಿದೆ. ನಮ್ಮ ಕೂದಲಿನ ಒಂದು ತೆಳು ಪದರವನ್ನು ಎರಡು ಅಂಟುಪಟ್ಟಿಗಳ ನಡುವೆ ಇಟ್ಟು ಒತ್ತುತ್ತಾರೆ. ಕೂದಲು ಬೆಳೆದಂತೆ ಪಟ್ಟಿ ಕೆಳಗಿಳಿಯುತ್ತದೆ, ಆರರಿಂದ ಎಂಟು ವಾರಕ್ಕೆ ಬಿಚ್ಚಿಸಿ ಮತ್ತೆ ಮೇಲೆ ಹಾಕಿಸಬೇಕು, ಮತ್ತೆ ದುಡ್ಡು. ಮೊದಲ ವಾರ ಸ್ವರ್ಗ. ಎದ್ದಾಗ, ಮಲಗಿದಾಗ, ಗಾಳಿಗೆ ಹಾರಿದಾಗ ನನ್ನದೇ ಕೂದಲು ಅನ್ನಿಸುತ್ತಿತ್ತು.

ಆಮೇಲೆ ನರಕ ಚತುರ್ದಶಿ ಬಂತು. ಅಮ್ಮ ನಸುಕಿಗೇ ಎಬ್ಬಿಸಿ, ಎಣ್ಣೆ ಬಿಸಿ ಮಾಡಿಕೊಂಡು ಬಂದು ನೆತ್ತಿಗೆ ಕೈ ಇಟ್ಟರು. ಬೆರಳಿಗೆ ಪಟ್ಟಿ ತಗುಲಿತು. "ಇದೇನೇ, ತಲೇಲಿ ಅಂಟು?" ಅಂದರು. ಎಣ್ಣೆ ಬಿದ್ದರೆ ಟೇಪಿನ ಅಂಟು ಬಿಡುತ್ತದೆ. ನಾನು ಎಣ್ಣೆ ಬೇಡ ಅಂದೆ. ಯಾಕೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಹಬ್ಬದ ದಿನ ಅಮ್ಮನ ಕೈಯಲ್ಲಿ ಎಣ್ಣೆ ಬಟ್ಟಲು ಹಾಗೇ ಉಳಿಯಿತು. ಆ ಬಟ್ಟಲು ಇನ್ನೂ ಕಣ್ಣಿಗೆ ಕಟ್ಟಿದೆ.

ಏಳನೇ ವಾರ ಬಿಚ್ಚಿಸಿದಾಗ ಕಿವಿಯ ಮೇಲ್ಭಾಗದಲ್ಲಿ ಎರಡು ಕಡೆ ಕಾಸಿನಗಲ ಕೂದಲು ಕಿತ್ತುಬಂದಿತ್ತು. ಡಾಕ್ಟರು ನೋಡಿ, ಎಳೆತಕ್ಕೆ ಹೀಗಾಗಿದೆ, ಹೀಗೇ ಮುಂದುವರಿಸಿದ್ದರೆ ಕೂದಲಿನ ಬುಡವೇ ಸತ್ತು ಅದು ಮತ್ತೆ ಬರುತ್ತಿರಲಿಲ್ಲ ಅಂದರು. ಸಲೂನಿನವರು ಹಾಕುವ ಮೊದಲು "ನಿಮಗೆ ಕೂದಲು ಉದುರುತ್ತಾ" ಅಂತ ಒಂದು ಮಾತು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ನಾಚಿಕೆ. ದಟ್ಟ ಕೂದಲಿದ್ದು ಉದ್ದ ಮಾತ್ರ ಬೇಕಿರುವವರಿಗೆ ಟೇಪ್ ಒಳ್ಳೆಯದಿರಬಹುದು. ಉದುರುವ ಕೂದಲಿಗೆ ಖಂಡಿತ ಬೇಡ.

ನಡುವೆ ಬೈತಲೆಗೆ ಉದುರಿಸುವ ಹೇರ್ ಫೈಬರ್ ಪುಡಿಯನ್ನೂ ನೋಡಿದೆ. ಎಸಿ ಆಫೀಸಿಗೆ ಪರವಾಗಿಲ್ಲ. ಬೆವರಿದರೆ ಹಣೆಗೆ ಕಪ್ಪು ಗೆರೆ.

ಕೊನೆಗೆ ನನ್ನ ತಲೆಗೆ ಸರಿಹೋದದ್ದು ಟಾಪರ್. ಇದು ಉದ್ದಕ್ಕಲ್ಲ, ನೆತ್ತಿಗೆ. ಅಂಗೈಯಗಲದ ತೆಳು ಬಟ್ಟೆಗೆ ನಿಜವಾದ ಕೂದಲು ಒಂದೊಂದೇ ಎಳೆ ಸೇರಿಸಿರುತ್ತಾರೆ. ಸುತ್ತ ನಾಲ್ಕು ಕ್ಲಿಪ್. ಬೈತಲೆಯ ಜಾಗದಲ್ಲಿ ರೇಷ್ಮೆಯಂಥ ಪದರ, ನೋಡಿದರೆ ಚರ್ಮದ ಹಾಗೇ ಕಾಣುತ್ತದೆ. ನನ್ನದಕ್ಕೆ 12,000 ಆಯಿತು. ಎರಡು ನಿಮಿಷದಲ್ಲಿ ಹಾಕಬಹುದು. ಕುಂಕುಮ ಇಡುವಾಗ ಮಾತ್ರ ಜೋಪಾನ, ಆ ಪದರಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ. ಕ್ಲಿಪ್ಪುಗಳು ದಿನಾ ಒಂದೇ ಜಾಗಕ್ಕೆ ಬೀಳದ ಹಾಗೆ ಅರ್ಧ ಇಂಚು ಆ ಕಡೆ ಈ ಕಡೆ ಮಾಡುತ್ತೇನೆ. ಮನೆಗೆ ಬಂದ ತಕ್ಷಣ ತೆಗೆಯುತ್ತೇನೆ. ಭಾನುವಾರ ಅಮ್ಮ ಎಣ್ಣೆ ಹಚ್ಚುತ್ತಾರೆ.

ಅಂದರೆ ಈಗ ನನ್ನ ಲೆಕ್ಕ ಹೀಗಿದೆ. ದಿನಕ್ಕೆ ಟಾಪರ್. ಮದುವೆ ಮುಂಜಿಗೆ ಚೌರಿ. ಏಳು ಪಟ್ಟಿಯ ಸೆಟ್ ವರ್ಷಕ್ಕೆ ನಾಲ್ಕೈದು ಸಲ, ಆಸೆಯಾದಾಗ. ಬೇರೆಯವರಿಗೆ ಲೆಕ್ಕ ಬೇರೆ ಬರಬಹುದು. ತಲೆ ನುಣ್ಣಗೆ ಮಾಡಿಕೊಂಡು ಆರಾಮಾಗಿ ಓಡಾಡುವ ಗೆಳತಿಯೂ ನನಗಿದ್ದಾಳೆ. ನಟಿ ಸಮೀರಾ ರೆಡ್ಡಿ 2021ರಲ್ಲಿ ತಮ್ಮ ನರೆಗೂದಲು ತೋರಿಸಿಕೊಂಡರು, 2022ರಲ್ಲಿ ತಮಗಿದ್ದ ಅಲೊಪೀಶಿಯಾ ಏರಿಯಾಟಾ, ಅಂದರೆ ತಲೆಯಲ್ಲಿ ಅಲ್ಲಲ್ಲಿ ಕೂದಲು ಉದುರಿ ಬೋಳಾಗುವ ತೊಂದರೆ, ಅದರ ಬಗ್ಗೆಯೂ ಬಾಯಿಬಿಟ್ಟು ಹೇಳಿದರು. ತೆರೆಯ ಮೇಲೆ ನಾವು ನೋಡುವ ದಟ್ಟ ಕೂದಲಿನ ಹಿಂದೆ ಏನಿದೆ ಅಂತ ಅಂಥವರು ಹೇಳಿದಾಗ ನಮ್ಮಂಥವರಿಗೆ ಎಷ್ಟು ಹಗುರಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಹಾಕಿಕೊಳ್ಳಿ, ಬಿಡಿ, ಅದು ನಿಮ್ಮಿಷ್ಟ. ಕೇಳಿದವರೆಲ್ಲರಿಗೂ ಹೇಳಲೇಬೇಕು ಅಂತಲೂ ಇಲ್ಲ. ದಾಸವಾಳದ ಎಲೆ ಅಂತ ಸುಳ್ಳು ಮಾತ್ರ ಹೇಳಬೇಡಿ.

ಹೋದ ಶನಿವಾರ ಆ ಹುಡುಗಿಯನ್ನು ಎಂಟನೇ ಕ್ರಾಸಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಟಾಪರ್ ಬೇಕಿಲ್ಲ, ನೆತ್ತಿ ದಟ್ಟವಾಗಿಯೇ ಇದೆ. ಅಕ್ಕನ ಮದುವೆಗೆ ಉದ್ದ ಜಡೆ ಬೇಕು, ಅಷ್ಟೇ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಕಪ್ಪೇ ಕಾಣುತ್ತದೆ, ಬಣ್ಣ ನೋಡಬೇಕಾದರೆ ಹೊರಗೆ ಬಿಸಿಲಿಗೆ ಹಿಡಿಯಬೇಕು, ಅದೂ ನಮ್ಮ ಕೂದಲಿನ ತುದಿಯ ಪಕ್ಕ, ಬೇರಿನ ಪಕ್ಕ ಅಲ್ಲ ಅಂತ ಹೇಳಿಕೊಟ್ಟೆ. ಅವಳು ಒಂದು ಚೌರಿ ಹಿಡಿದುಕೊಂಡು ಮೆಟ್ಟಿಲಿಳಿದು ರಸ್ತೆಗೇ ಹೋದಳು. ತನ್ನ ಜಡೆ ಮುಂದಕ್ಕೆ ತಂದು ಎರಡನ್ನೂ ಬಿಸಿಲಲ್ಲಿ ಜೋಡಿಸಿ ನೋಡುತ್ತಿದ್ದಳು. ಒಳಗಿಂದ ಅಂಗಡಿಯವರು "ಯಾರಿಗಮ್ಮ ಚೌರಿ?" ಅಂತ ಕೇಳಿದರು.

"ನಂಗೇ" ಅಂದಳು, ಅಲ್ಲಿಂದಲೇ, ಜೋರಾಗಿ.