ಅಲಾರಂ ಪ್ಯಾನೆಲ್‌ಗೆ ಕಂಪ್ಯೂಟರ್ ಜೋಡಿಸಲು ನಾಲ್ಕು ದಾರಿ: ಕೆಟ್ಟು ಹೋದಾಗ ಯಾವುದು ಬಾಯಿಬಿಟ್ಟು ಹೇಳುತ್ತದೆ?

ನಮ್ಮ ಮನೆಯ ಅಲಾರಂ ಪ್ಯಾನೆಲ್ ಹಳೆಯದು. ಡಿಎಸ್‌ಸಿ ಪವರ್‌ಸೀರೀಸ್, ಪಿಸಿ1832. ಕಬ್ಬಿಣದ ಪೆಟ್ಟಿಗೆಯೊಳಗೆ ಒಂದು ಬೋರ್ಡು, ಕೆಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ, ಎಂಟು ಝೋನ್‌ಗಳ, ಅಂದರೆ ಒಂದೊಂದು ಬಾಗಿಲಿಗೋ ಕಿಟಕಿಗೋ ಹೋಗುವ ಎಂಟು ಸೆನ್ಸರ್ ಸಾಲುಗಳ, ವೈರುಗಳ ಗೋಜಲು. ವರ್ಷಗಟ್ಟಲೆ ಒಂದೇ ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿದೆ.

ನನಗೆ ಆಸೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಬಾಗಿಲು, ಕಿಟಕಿಗೆಲ್ಲ ಆಗಲೇ ಸೆನ್ಸರ್ ಇದೆ, ವೈರು ಗೋಡೆಯೊಳಗೇ ಹೋಗಿದೆ. ಅದೇ ಬಾಗಿಲಿಗೆ ಬ್ಯಾಟರಿ ಹಾಕಿದ ಇನ್ನೊಂದು ಸೆನ್ಸರ್ ಅಂಟಿಸೋದು ಯಾಕೆ? ಪ್ಯಾನೆಲ್‌ಗೆ ಗೊತ್ತಿರೋದನ್ನೇ ಕಂಪ್ಯೂಟರ್‌ಗೂ ತಿಳಿಸಿದರೆ ಆಯ್ತಲ್ವಾ? ರಾತ್ರಿ ಬಾಗಿಲು ತೆಗೆದರೆ ಒಳಗಿನ ದೀಪ ಹತ್ತಬೇಕು. ಎಲ್ಲರೂ ಹೊರಟು ಅಲಾರಂ ಹಾಕಿದರೆ ಫ್ಯಾನು, ದೀಪ ಎಲ್ಲ ಆರಬೇಕು. ಇಷ್ಟೇ. ಕಂಪ್ಯೂಟರ್ ಅಂದರೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಬೋರ್ಡು, ಅದರಲ್ಲಿ ಮನೆಯ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶ.

ಒಂದು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಶುರುವಿನಲ್ಲಿ ನನ್ನ ಪ್ರಶ್ನೆ, ಯಾವುದು ಜಾಸ್ತಿ ಸುದ್ದಿ ಕೊಡುತ್ತದೆ ಅನ್ನೋದು. ಎರಡನೇ ದಾರಿಗೆ ಬರುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು. ಸಂಪರ್ಕ ಕಡಿದುಹೋದಾಗ ಯಾವುದು ಅದನ್ನು ಹೇಳುತ್ತದೆ, ಯಾವುದು ಸುಮ್ನೆ ಕೂರುತ್ತದೆ? ಯಾಕೆ ಬದಲಾಯಿತು ಅನ್ನೋದು ಮುಂದೆ ಬರುತ್ತದೆ.

ಮೊದಲು ಒಂದು ಮಾತು. ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಕರೆಂಟು ಮತ್ತು ಬ್ಯಾಟರಿ ಎರಡನ್ನೂ ತೆಗೆಯಿರಿ. ನಿಮ್ಮ ಅಲಾರಂ ಯಾವುದಾದರೂ ನಿಗಾ ಕೇಂದ್ರಕ್ಕೆ ಸೇರಿದ್ದರೆ, ಅವರಿಗೆ ಮೊದಲೇ ಹೇಳಿ ಟೆಸ್ಟ್ ಮೋಡ್‌ಗೆ ಹಾಕಿಸಿ. ಮುಚ್ಚಳ ತೆಗೆದರೇ ಕೂಗುವ ಪ್ಯಾನೆಲ್‌ಗಳಿವೆ.

ರಿಲೇ ದಾರಿ

ಎಲ್ಲಕ್ಕಿಂತ ಸರಳ ಇದು, ಖರ್ಚೂ ಕಡಿಮೆ. ಬೋರ್ಡಿನಲ್ಲಿ ಪಿಜಿಎಂ ಅನ್ನುವ ಟರ್ಮಿನಲ್‌ಗಳಿವೆ. ಯಾವಾಗ ಆನ್ ಆಗಬೇಕು ಅನ್ನೋದನ್ನು ಕೀಪ್ಯಾಡಿನಿಂದಲೇ ಪ್ರೋಗ್ರಾಂ ಮಾಡಬಹುದು. ಅಲಾರಂ ಹಾಕಿದಾಗ ಆನ್ ಆಗಲಿ ಅಂತ ಇಟ್ಟೆ. ಆನ್ ಆದಾಗ ಆ ಟರ್ಮಿನಲ್ ನೆಗೆಟಿವ್‌ಗೆ ಸೇರುತ್ತದೆ. ಪಿಜಿಎಂ1 ತಡೆಯುವುದು 50 ಮಿಲಿಆಂಪ್ ಮಾತ್ರ. ಚಿಕ್ಕ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಆದರೆ ಸಾಕು, ಅದರ ಕಾಯಿಲ್‌ಗೆ ಅಡ್ಡವಾಗಿ ಒಂದು ಡಯೋಡ್ ಮರೆಯಬಾರದು. ನಾನು ರಿಲೇ ಬದಲು ಪಿಸಿ817 ಆಪ್ಟೋಕಪ್ಲರ್ ಹಾಕಿದೆ. 1ಕೆ ರೆಸಿಸ್ಟರ್ ಜೊತೆ 12-13 ಮಿಲಿಆಂಪ್ ಎಳೆಯುತ್ತದೆ, ಅಷ್ಟೇ. ಪ್ಯಾನೆಲ್ಲಿನ 12 ವೋಲ್ಟ್ ಆ ಕಡೆ, ಪೈನ  3.3 ವೋಲ್ಟ್ ಈ ಕಡೆ. ನಡುವೆ ಬೆಳಕು ಮಾತ್ರ ದಾಟುತ್ತದೆ.

ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಖುಷಿಯಲ್ಲಿ ಬಾಗಿಲಿನ ಝೋನ್ ವೈರನ್ನೂ ನೇರ ಪೈಗೆ ಕೊಟ್ಟುಬಿಟ್ಟೆ. ಅದು ದಡ್ಡತನ. ಡಿಎಸ್‌ಸಿಯಲ್ಲಿ ಪ್ರತಿ ಝೋನ್‌ನ ತುದಿಗೆ 5.6ಕೆ ರೆಸಿಸ್ಟರ್ ಇರುತ್ತದೆ, ಪ್ಯಾನೆಲ್ ಸದಾ ಅದನ್ನೇ ಅಳೆಯುತ್ತಾ ಇರುತ್ತದೆ. ನಡುವೆ ನಾನು ತೂರಿಸಿದ ಪಿನ್ ಆ ಲೆಕ್ಕವನ್ನೇ ಕೆಡಿಸಿತು. ಬಾಗಿಲು ಮುಚ್ಚಿದ್ದರೂ ಕೀಪ್ಯಾಡ್ ತೆರೆದಿದೆ ಅನ್ನುತ್ತಿತ್ತು. "ಅಲ್ರೀ, ನೀವು ಕೈ ಹಾಕೋಕೆ ಮುಂಚೆ ಇದು ಚೆನ್ನಾಗೇ ಇತ್ತಲ್ವಾ?" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಕಂಪ್ಯೂಟರಿನಿಂದ ಅಲಾರಂ ಹಾಕುವ ಪ್ರಯೋಗ ಇನ್ನೂ ಚೆನ್ನಾಗಿತ್ತು. ಒಂದು ಝೋನನ್ನು ಕೀಸ್ವಿಚ್ ಅಂತ ಪ್ರೋಗ್ರಾಂ ಮಾಡಿ, ರಿಲೇಯಿಂದ ಒಂದು ಕ್ಷಣ ಮುಟ್ಟಿಸಿದರೆ ಅಲಾರಂ ಹಾಕಿದಂತೆ. ಇನ್ನೊಮ್ಮೆ ಮುಟ್ಟಿಸಿದರೆ ತೆಗೆದಂತೆ. ನನ್ನ ಸ್ಕ್ರಿಪ್ಟಿಗೆ ಉತ್ತರ ಬರೋದು ಒಮ್ಮೆ ತಡವಾಯಿತು. ಕೆಲಸ ಆಗಿಲ್ಲ ಅಂದುಕೊಂಡು ಅದು ಮತ್ತೆ ಮುಟ್ಟಿಸಿತು. ಬೀಗ ಹಾಕಿ ಮತ್ತೆ ತೆಗೆದು ಹೋದ ಹಾಗೆ! ಅವತ್ತು ಇಡೀ ಮಧ್ಯಾಹ್ನ ಮನೆ ಹಾಗೇ ಇತ್ತು.

ಇನ್ನೊಂದು ಕೊರತೆ ಆಮೇಲೆ ಹೊಳೆಯಿತು. ಪಿಜಿಎಂ ವೈರು ಕಿತ್ತುಹೋದರೆ ಪೈಗೆ ಕಾಣುವುದು 'ಅಲಾರಂ ಹಾಕಿಲ್ಲ' ಎಂದು. ನಿಜವಾಗಿ ಹಾಕದೇ ಇದ್ದಾಗಲೂ ಅದೇ. ಎರಡರ ನಡುವೆ ವ್ಯತ್ಯಾಸವೇ ಇಲ್ಲ.

ಸೀರಿಯಲ್ ದಾರಿ

ಡಿಎಸ್‌ಸಿಯವರದೇ ಐಟಿ-100 ಅನ್ನುವ ಮಾಡ್ಯೂಲ್ ಇದೆ. ಕೀಪ್ಯಾಡಿಗೆ ಹೋಗುವ ಕೀಬಸ್‌ನ ನಾಲ್ಕು ವೈರುಗಳನ್ನೇ ಇದಕ್ಕೂ ಕೊಡಬೇಕು. ಕೆಂಪು, ಕಪ್ಪು ಕರೆಂಟಿಗೆ. ಹಳದಿ ಗಡಿಯಾರದ ಮಿಡಿತಕ್ಕೆ, ಹಸಿರು ಮಾಹಿತಿಗೆ. ಇನ್ನೊಂದು ತುದಿಯಲ್ಲಿ ಆರ್‌ಎಸ್-232 ಅನ್ನುವ ಹಳೆಯ ಸೀರಿಯಲ್ ಪೋರ್ಟ್, ವೇಗ 9600 ಬಾಡ್. ಇವತ್ತಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿ ಸೀರಿಯಲ್ ಕೇಬಲ್ ಬೇಕು.

ಇದರ ಭಾಷೆ ನನಗೆ ತುಂಬಾ ಹಿಡಿಸಿತು. ಎಲ್ಲವೂ ಓದಬಹುದಾದ ಅಂಕಿ. ಮೊದಲ ಮೂರು ಅಂಕಿ ಸುದ್ದಿ ಏನು ಅಂತ ಹೇಳುತ್ತವೆ. 609 ಅಂದರೆ ಝೋನ್ ತೆರೆಯಿತು, 610 ಅಂದರೆ ಮುಚ್ಚಿತು. 652 ಅಲಾರಂ ಹಾಕಿದರು, 655 ತೆಗೆದರು. 657 ಬಂದರೆ ಯಾರೋ ಒಳಗೆ ಬಂದಿದ್ದಾರೆ, ಕೋಡ್ ಒತ್ತುವ ಗಡುವು ಓಡುತ್ತಿದೆ. ದೀಪ ಹತ್ತಿಸಲು ಇದಕ್ಕಿಂತ ಒಳ್ಳೆ ಗಳಿಗೆ ಬೇಕಾ? ಕೊನೆಯ ಎರಡು ಅಕ್ಷರ ತಾಳೆ ನೋಡಲು. ಮೂರನೇ ಝೋನ್ ತೆರೆದರೆ ಬರುವ ಸಾಲು 60900332. ಅದರಲ್ಲಿ 609 ಸುದ್ದಿ, 003 ಝೋನ್. ಈ ಆರು ಅಕ್ಷರಗಳ ಆಸ್ಕಿ ಬೆಲೆ (ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿರುವ ಸಂಖ್ಯೆ) ಕೂಡಿ, ಮೊತ್ತದ ಕೆಳಗಿನ ಎಂಟು ಬಿಟ್ ಹಿಡಿದರೆ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 32. ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿ ಸರಿಬಂದಾಗ ಆದ ಸಂತೋಷ ಹೇಳತೀರದು.

ಇನ್ನು ಎಡವಟ್ಟಿನ ಕತೆ. ಪೈಗೆ ಇನ್ನೊಂದು ಯುಎಸ್‌ಬಿ ಸಾಧನ ಸಿಕ್ಕಿಸಿ ರೀಬೂಟ್ ಮಾಡಿದೆ. ಸೀರಿಯಲ್ ಪೋರ್ಟುಗಳ ಹೆಸರು ಅದಲುಬದಲಾಯಿತು. ಸೊನ್ನೆ ಆಗಿದ್ದದ್ದು ಒಂದಾಯಿತು. ನನ್ನ ಸ್ಕ್ರಿಪ್ಟು ತಪ್ಪು ಪೋರ್ಟಿಗೆ ಕಿವಿಕೊಟ್ಟು ಎರಡು ದಿನ ತಾಳ್ಮೆಯಿಂದ ಕಾಯುತ್ತಾ ಕೂತಿತು. ಪರದೆಯ ಮೇಲೆ ಎಲ್ಲ ಬಾಗಿಲೂ ಮುಚ್ಚಿವೆ, ಎಲ್ಲ ಕ್ಷೇಮ. ಹಿತ್ತಲ ಬಾಗಿಲು ಹಾರುಹೊಡೆದು ತೆರೆದಿದ್ದಾಗಲೂ ಅಷ್ಟೇ. ನನ್ನ ಪ್ರಶ್ನೆ ಬದಲಾದದ್ದು ಆ ಹೊತ್ತಿನಲ್ಲಿ.

ಪರಿಹಾರ ಕಷ್ಟದ್ದಲ್ಲ. ಲಿನಕ್ಸ್‌ನಲ್ಲಿ ಕೇಬಲ್ಲಿನ ಗುರುತಿನ ಮೇಲೆ ನಿಂತ, ರೀಬೂಟಿಗೆ ಬದಲಾಗದ ಇನ್ನೊಂದು ಹೆಸರೂ ಇರುತ್ತದೆ. ಅದನ್ನು ಬಳಸಿದೆ. ಜೊತೆಗೆ ನಿಮಿಷಕ್ಕೊಮ್ಮೆ 00090 ಅಂತ ಕೇಳಲು ಶುರು ಮಾಡಿದೆ. ಬದುಕಿದ್ದೀಯಾ ಅನ್ನುವ ಪ್ರಶ್ನೆ ಅದು. ಇದ್ದರೆ 50000025 ಅಂತ ಉತ್ತರ ಬರುತ್ತದೆ. ಮೂರು ಸಲ ಬರದಿದ್ದರೆ ಫೋನಿಗೆ ಸುದ್ದಿ. ಸ್ಕ್ರಿಪ್ಟು ಹೊಸದಾಗಿ ಎದ್ದಾಗ 001 ಕಳಿಸಿದರೆ ಪ್ಯಾನೆಲ್ಲಿನ ಈಗಿನ ಸ್ಥಿತಿ ಪೂರ್ತಿ ಒಪ್ಪಿಸುತ್ತದೆ, ಊಹಿಸಬೇಕಾಗಿಲ್ಲ.

ಅಲಾರಂ ಹಾಕಲು 030, ಅದಕ್ಕೆ ಕೋಡ್ ಬೇಡ. ತೆಗೆಯಲು 040, ಅದಕ್ಕೆ ಬೇಕು. ಅಂದರೆ ಮನೆಯ ಕೋಡನ್ನು ಕಂಪ್ಯೂಟರಿನ ಒಂದು ಫೈಲಿನಲ್ಲಿ ಬರೆದಿಡಬೇಕು. ನಾನು ಬರೆಯಲಿಲ್ಲ. ಹಾಕೋದು ಯಾರು ಬೇಕಾದರೂ ಹಾಕಲಿ, ತೆಗೆಯೋದು ಮನುಷ್ಯನ ಬೆರಳಿಂದಲೇ ಆಗಲಿ.

ನೆಟ್‌ವರ್ಕ್ ದಾರಿ

ಎನ್ವಿಸಾಲಿಂಕ್ 4 ಅನ್ನುವ ಮಾಡ್ಯೂಲ್ ಕೂಡ ಕೀಬಸ್ಸಿನ ನಾಲ್ಕು ವೈರಿಗೇ ಕೂರುತ್ತದೆ. ಸೀರಿಯಲ್ ಬದಲು ನೆಟ್‌ವರ್ಕ್ ಕೇಬಲ್. ಹೋಮ್ ಅಸಿಸ್ಟೆಂಟ್‌ಗೆ ಐಪಿ ವಿಳಾಸ, ಪೋರ್ಟ್ 4025, ಪಾಸ್‌ವರ್ಡ್ ಕೊಟ್ಟರೆ ಝೋನ್‌ಗಳು ಬಂದು ನಿಲ್ಲುತ್ತವೆ. ನಾಲ್ಕರಲ್ಲಿ ಅತಿ ಬೇಗ ಮುಗಿದ ಕೆಲಸ ಇದೇ. ಭಾಷೆಯೂ ಹೊಸದಲ್ಲ, ಅದೇ 609, 610, 657. ಸಂಪರ್ಕವಾದ 10 ಸೆಕೆಂಡಿನೊಳಗೆ 005ರ ಜೊತೆ ಪಾಸ್‌ವರ್ಡ್ ಕಳಿಸಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುತ್ತದೆ. ನನ್ನ ಸೀರಿಯಲ್ ಸ್ಕ್ರಿಪ್ಟನ್ನೇ ಹತ್ತು ಸಾಲು ತಿದ್ದಿ ಇದಕ್ಕೆ ಹೊಂದಿಸಿದೆ.

ಎರಡು ವಿಷಯ ತಿಳಿದಿರಲಿ. ಆ ಪೋರ್ಟಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಹೋಮ್ ಅಸಿಸ್ಟೆಂಟ್ ಹಿಡಿದಿದ್ದರೆ ನಿಮ್ಮ ಸ್ಕ್ರಿಪ್ಟು ಹೊರಗೇ ನಿಲ್ಲಬೇಕು. ಎರಡನೆಯದು, ಮಾತುಕತೆ ಬರೀ ಸಾದಾ ಪಠ್ಯ, ಪಾಸ್‌ವರ್ಡ್ ಸಮೇತ. ಮನೆಯೊಳಗಿನ ನೆಟ್‌ವರ್ಕಿನಲ್ಲಿ ಪರವಾಗಿಲ್ಲ. ಹೊರಗಿನಿಂದ ನೋಡಬೇಕು ಅಂತ ರೌಟರಿನಲ್ಲಿ ಆ ಪೋರ್ಟ್ ತೆರೆದಿಟ್ಟರೆ, ಅದು ಬೀಗದ ಕೈಯನ್ನು ಬಾಗಿಲಲ್ಲೇ ನೇತುಹಾಕಿದ ಹಾಗೆ. ಹೊರಗಿನಿಂದ ಬೇಕಾದರೆ ವಿಪಿಎನ್ ಇದೆ, ಮನೆಯ ನೆಟ್‌ವರ್ಕಿಗೆ ಗುಪ್ತವಾಗಿ ಸೇರುವ ದಾರಿ ಅದು. ಮೊದಲಿಗೆ ಇರುವ ಪಾಸ್‌ವರ್ಡನ್ನೂ ಬದಲಾಯಿಸಿ.

ಸಂಪರ್ಕ ಕಡಿದಾಗ? ಹೋಮ್ ಅಸಿಸ್ಟೆಂಟ್ ಆಗಾಗ ಬದುಕಿದ್ದೀಯಾ ಅಂತ ಕೇಳುತ್ತಲೇ ಇರುವುದರಿಂದ ಬೇಗ ಗೊತ್ತಾಗುತ್ತದೆ. ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ಝೋನ್‌ಗಳೆಲ್ಲ 'ಲಭ್ಯವಿಲ್ಲ' ಅಂತ ಬೂದು ಬಣ್ಣಕ್ಕೆ ತಿರುಗಿದವು. ಮುಚ್ಚಿದೆ ಅಂತ ಸುಳ್ಳು ಹೇಳಲಿಲ್ಲ. ಸೋಲ್ಡರಿಂಗ್ ಬಾರದವರಿಗೆ ನಾನು ಹೇಳೋದು ಇದನ್ನೇ.

ಇಎಸ್‌ಪಿ32 ದಾರಿ

ಇದು ತಲೆಹರಟೆಯ ದಾರಿ, ನನಗೆ ಇಷ್ಟವಾದದ್ದೂ ಇದೇ. ಕೀಬಸ್ಸಿನ ಮಾತನ್ನು ನೇರವಾಗಿ ಕೇಳಿ ಅರ್ಥ ಮಾಡಿಕೊಳ್ಳುವ ಡಿಎಸ್‌ಸಿ ಕೀಬಸ್ ಇಂಟರ್‌ಫೇಸ್ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಇದೆ. ವೈಫೈ ಇರುವ ಇಎಸ್‌ಪಿ32 ಅನ್ನುವ ಚಿಕ್ಕ ಬೋರ್ಡು, ನಾಲ್ಕು ರೆಸಿಸ್ಟರ್ ಸಾಕು. ಕೀಬಸ್ಸಿನ ವೋಲ್ಟೇಜ್ 13.8ರವರೆಗೂ ಹೋಗುತ್ತದೆ, ಇಎಸ್‌ಪಿ ತಡೆಯೋದು 3.3. ಹಳದಿ, ಹಸಿರು ಎರಡಕ್ಕೂ 33ಕೆ ಮತ್ತು 10ಕೆ ಹಾಕಿ ಹಂಚಿದರೆ ಪಿನ್ನಿಗೆ ಬರುವುದು ಸುಮಾರು 3.2 ವೋಲ್ಟ್.

ಮೊದಲ ದಿನ ಬಂದದ್ದೆಲ್ಲ ಕಸ. ಝೋನ್ 19 ತೆರೆಯಿತಂತೆ, 27 ಮುಚ್ಚಿತಂತೆ. ನಮಗಿರೋದು ಎಂಟೇ! ಲೈಬ್ರರಿಯನ್ನು ಬೈದುಕೊಂಡು ಒಂದು ಸಂಜೆ ಕಳೆದೆ. ತಪ್ಪು ನನ್ನದೇ. ಇಎಸ್‌ಪಿಗೆ ಕರೆಂಟು ಪೈನ ಯುಎಸ್‌ಬಿಯಿಂದ ಕೊಟ್ಟಿದ್ದೆ, ಪ್ಯಾನೆಲ್ಲಿನ ಕಪ್ಪು ವೈರನ್ನು ಇಎಸ್‌ಪಿಯ ಗ್ರೌಂಡಿಗೆ ಸೇರಿಸಿರಲಿಲ್ಲ. ಸೇರಿಸಿದ ಕೂಡಲೇ ಎಲ್ಲ ಸರಿಹೋಯಿತು.

ಈ ಸರ್ಕಿಟ್ಟಿಗೆ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿದರೆ ಇಎಸ್‌ಪಿಯೇ ಕೀಪ್ಯಾಡಿನಂತೆ ಬಟನ್ ಒತ್ತಬಲ್ಲದು. ಅದು ಹಸಿರು ವೈರನ್ನು ಗ್ರೌಂಡಿಗೆ ಎಳೆದು ಮಾತಾಡುತ್ತದೆ. ಆ ಟ್ರಾನ್ಸಿಸ್ಟರ್ ಕೆಟ್ಟು ಆನ್ ಆಗೇ ಉಳಿದರೆ? ಹಸಿರು ವೈರು ಎಲ್ಲರಿಗೂ ಸೇರಿದ್ದು. ಗೋಡೆಯ ಮೇಲಿನ ನಿಜವಾದ ಕೀಪ್ಯಾಡೂ ಮೂಕವಾಗುತ್ತದೆ. ನನ್ನ ಆಟಕ್ಕೆ ಮನೆಯ ಅಲಾರಂ ಒತ್ತೆ ಇಡಲು ಮನಸ್ಸಾಗಲಿಲ್ಲ. ಟ್ರಾನ್ಸಿಸ್ಟರ್ ಹಾಕಲೇ ಇಲ್ಲ. ನನ್ನ ಬೋರ್ಡಿಗೆ ಕಿವಿ ಇದೆ, ಬಾಯಿ ಇಲ್ಲ.

ಸುದ್ದಿ ಹೋಗೋದು ಎಂಕ್ಯೂಟಿಟಿ ಮೂಲಕ. ಸಾಧನಗಳ ಸಂದೇಶಗಳನ್ನು ಬ್ರೋಕರ್ ಅನ್ನುವ ನಡುವಿನ ತಂತ್ರಾಂಶ ಹಂಚುವ ಪದ್ಧತಿ ಇದು. ಅದರಲ್ಲಿ ಒಂದು ಬಲೆ ಇದೆ. 'ಬಾಗಿಲು ಮುಚ್ಚಿದೆ' ಅನ್ನುವ ಕೊನೆಯ ಸುದ್ದಿಯನ್ನು ಬ್ರೋಕರ್ ಜೋಪಾನವಾಗಿ ಇಟ್ಟುಕೊಂಡು, ಬೋರ್ಡ್ ಸತ್ತ ಮೇಲೂ ಕೇಳಿದವರಿಗೆಲ್ಲ ಕೊಡುತ್ತಿರುತ್ತದೆ. ಸೀರಿಯಲ್‌ನಲ್ಲಿ ಆದದ್ದೇ ಮತ್ತೆ ಆಗಬಹುದು. ಆದರೆ ಎಂಕ್ಯೂಟಿಟಿಯಲ್ಲಿ ಉಯಿಲು ಬರೆದಿಡುವ ಏರ್ಪಾಡೂ ಇದೆ. ಬೋರ್ಡು ಸಂಪರ್ಕಕ್ಕೆ ಬಂದಾಗಲೇ, ನಾನು ಹೇಳದೆ ಹೋದರೆ ಹೀಗೆ ಸಾರು ಅಂತ ಬ್ರೋಕರ್ ಕೈಯಲ್ಲಿ ಒಂದು ಸಂದೇಶ ಕೊಟ್ಟಿರುತ್ತದೆ. ಲೈಬ್ರರಿಯ ಜೊತೆ ಬರುವ ಉದಾಹರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬೋರ್ಡು ಚೆನ್ನಾಗಿದ್ದು ಕೀಬಸ್ ಮಾತ್ರ ಸುಮ್ಮನಾದರೂ ಅದೇ ಸಂದೇಶ ಹೋಗುತ್ತದೆ. ಇಎಸ್‌ಪಿಯ ಕರೆಂಟು ತೆಗೆದು ಒಮ್ಮೆ, ಹಳದಿ ವೈರು ಎಳೆದು ಒಮ್ಮೆ ನೋಡಿದೆ. ಎರಡು ಸಲವೂ ಫೋನು ಕೂಗಿತು.

ಉಳಿದವು

ಹಳೆಯ ಬೋರ್ಡನ್ನೇ ಎಸೆದು, ಕೊನೆಕ್ಟೆಡ್‌ನಂಥ ಬೋರ್ಡಿಗೆ ಸೆನ್ಸರ್ ವೈರುಗಳನ್ನು ನೇರ ಕೊಡುವ ದಾರಿಯೂ ಇದೆ. ನಾನು ಆ ಕಡೆ ಹೋಗಲಿಲ್ಲ. ಪೈನ ಮೆಮರಿ ಕಾರ್ಡ್ ಕೆಟ್ಟ ರಾತ್ರಿಯೂ ಸೈರನ್ ಕೂಗಬೇಕು ಅನ್ನೋದು ನನ್ನ ಹಟ. ಹನಿವೆಲ್ ವಿಸ್ತಾ ಪ್ಯಾನೆಲ್ ಇರುವವರಿಗೆ ಬಸ್ ಬೇರೆ, ಭಾಷೆಯೂ ಬೇರೆ. ಅವರು ನೋಡಬೇಕಾದ್ದು ಅಲಾರ್ಮ್‌ಡಿಕೋಡರ್ ಅನ್ನುವ ಮಾಡ್ಯೂಲ್. ನಿಸ್ತಂತು ಪಿಐಆರ್ (ಓಡಾಟ ಗುರುತಿಸುವ ಸೆನ್ಸರ್) ಇರುವವರು ದೀಪದ ಆಸೆ ಕಡಿಮೆ ಇಟ್ಟುಕೊಳ್ಳಿ. ಬ್ಯಾಟರಿ ಉಳಿಸಲು ಅವು ಒಮ್ಮೆ ಸುದ್ದಿ ಕೊಟ್ಟು ಕೆಲವು ನಿಮಿಷ ಮಲಗಿಬಿಡುತ್ತವೆ. ವೈರಿನವು ಹಾಗಲ್ಲ.

ಈಗ ನಮ್ಮ ಮನೆಯಲ್ಲಿ ಉಳಿದಿರುವುದು ಇಎಸ್‌ಪಿ32. ಅಲಾರಂ ಹಾಕೋದು, ತೆಗೆಯೋದು ಎರಡೂ ಕೀಪ್ಯಾಡಿನಿಂದಲೇ. ಬಾಗಿಲ ಪಕ್ಕದಲ್ಲೇ ಇದೆ, ಕಷ್ಟವೇನಿಲ್ಲ. ಐಟಿ-100 ಡ್ರಾಯರಿನಲ್ಲಿದೆ. ಎನ್ವಿಸಾಲಿಂಕ್ ತಮ್ಮನ ಮನೆಗೆ ಹೋಯಿತು, ಅವನಿಗೆ ಸೋಲ್ಡರಿಂಗ್ ಕಬ್ಬಿಣ ಕಂಡರೆ ಆಗುವುದಿಲ್ಲ.

ಆಮೇಲೆ ಇಎಸ್‌ಪಿಯ ಕರೆಂಟನ್ನೂ ಪ್ಯಾನೆಲ್ಲಿನಿಂದಲೇ ಕೊಟ್ಟೆ, 12 ವೋಲ್ಟನ್ನು 5ಕ್ಕೆ ಇಳಿಸುವ ಚಿಕ್ಕ ಕನ್ವರ್ಟರ್ ಹಾಕಿ. ಕರೆಂಟು ಹೋದರೂ ಆ 7 ಎಎಚ್ ಬ್ಯಾಟರಿಯಲ್ಲಿ ಅದೂ ಬದುಕಿರಲಿ ಅಂತ. ಪರೀಕ್ಷೆ ಮಾಡಲು ಮೈನ್ ಸ್ವಿಚ್ ಇಳಿಸಿದೆ. ಪ್ಯಾನೆಲ್ ಇತ್ತು, ಇಎಸ್‌ಪಿ ಇತ್ತು. ಫೋನಿಗೆ ಮಾತ್ರ ಏನೂ ಬರಲಿಲ್ಲ. ರೌಟರ್ ಆರಿತ್ತು, ಪೈ ಕೂಡ. ಉಯಿಲು ಓದಿ ಹೇಳಬೇಕಾದ ಬ್ರೋಕರ್ ಇರೋದೂ ಪೈನಲ್ಲೇ. ಈಗ ಅವೆರಡಕ್ಕೂ ಒಂದು ಚಿಕ್ಕ ಯುಪಿಎಸ್ ಹುಡುಕುತ್ತಿದ್ದೇನೆ.