1/72 ವಿಮಾನಗಳ ಕ್ಯಾಮೊಫ್ಲಾಜ್‌ಗೆ ಇವಾಟಾ ಎಕ್ಲಿಪ್ಸ್: ಆರು ವರ್ಷಗಳ ಬಳಕೆಯ ನಂತರ

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಇವಾಟಾ ಎಕ್ಲಿಪ್ಸ್ ಎಚ್‌ಪಿ-ಸಿಎಸ್ ಏರ್‌ಬ್ರಶ್ ನನ್ನ ಕೈಸೇರಿ ಆರು ವರ್ಷಗಳಾದವು. ಅದರಿಂದ ನಾನು ಬಣ್ಣ ಹಾಕಿದ ಮಾದರಿಗಳೆಲ್ಲ ಹೆಚ್ಚುಕಡಿಮೆ 1/72 ಅಳತೆಯವು, ಅಂದರೆ ನಿಜವಾದ ವಿಮಾನದ ಉದ್ದಗಲಗಳ 72ನೇ ಒಂದು ಪಾಲಿನವು. ಅವುಗಳಲ್ಲೂ ಬಹುಪಾಲು ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಮತ್ತು ಮೆಸ್ಸರ್‌ಶ್ಮಿಟ್ ಬಿಎಫ್ 109. ಇಷ್ಟು ಪುಟ್ಟ ವಿಮಾನದ ಮೇಲೆ ಕ್ಯಾಮೊಫ್ಲಾಜ್, ಅಂದರೆ ಶತ್ರುವಿನ ಕಣ್ಣು ತಪ್ಪಿಸುವ ಬಣ್ಣವಿನ್ಯಾಸ, ಮೂಡಿಸಲು ಈ ಸಾಧನ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕಷ್ಟವಿರುವುದು ಅಳತೆಯಲ್ಲಿ. ಸ್ಪಿಟ್‌ಫೈರ್‌ನ ರೆಕ್ಕೆಗಳ ಹರವು 11.23 ಮೀಟರ್, 1/72 ಮಾದರಿಯಲ್ಲಿ ಅದು 156 ಮಿಲಿಮೀಟರಿಗೆ ಇಳಿಯುತ್ತದೆ. ಎರಡು ಬಣ್ಣಗಳು ಬೆರೆಯುವ ಅಂಚು ನಿಜವಾದ ವಿಮಾನದಲ್ಲಿ ಒಂದು ಅಂಗುಲದಷ್ಟಿದ್ದರೆ ಮಾದರಿಯಲ್ಲಿ ಅದು ಸುಮಾರು 0.35 ಮಿಲಿಮೀಟರ್ ಮಾತ್ರ ಇರಬೇಕು. ಈ ಏರ್‌ಬ್ರಶ್‌ನ ನಾಝಲ್ (ಬಣ್ಣ ಹೊರಬರುವ ಮೂತಿ) ಕೂಡ 0.35 ಮಿಲಿಮೀಟರಿನದೇ, ಆದರೆ ಹೊರಬಂದ ಬಣ್ಣ ಹರಡಿಕೊಳ್ಳುವುದರಿಂದ ಅಷ್ಟು ಸಣ್ಣ ಅಂಚನ್ನು ಬರಿಗೈಯಲ್ಲಿ ಎಳೆಯುವ ಪ್ರಯತ್ನವನ್ನು ನಾನು ಬಹಳ ಹಿಂದೆಯೇ ಬಿಟ್ಟೆ. 1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಯುದ್ಧವಿಮಾನಗಳಿಗೆ ಡಾರ್ಕ್ ಅರ್ತ್ ಎಂಬ ಕಂದು ಬಣ್ಣದ ಬದಲಿಗೆ ಬಂದ ಓಷನ್ ಗ್ರೇ ಬಣ್ಣವನ್ನು ಮೊದಲು ರೆಕ್ಕೆಯ ತುಂಬ ಹಾಕಿ, ಒಣಗಿದ ಮೇಲೆ ಕಣಕದಂತೆ ಮೆತ್ತಗಿರುವ ಬ್ಲೂ ಟ್ಯಾಕ್ ಅಂಟನ್ನು ಶಾವಿಗೆಯಂತೆ ಹೊಸೆದು ಗಡಿಯುದ್ದಕ್ಕೂ ಇರಿಸಿ, ಆಮೇಲೆ ಡಾರ್ಕ್ ಗ್ರೀನ್ ಸಿಂಪಡಿಸುತ್ತೇನೆ. ಏರ್‌ಬ್ರಶ್ ರೆಕ್ಕೆಗೆ ನೇರವಾಗಿರಬೇಕು. ಓರೆಯಾದರೆ ಬಣ್ಣ ಹೊಸೆದ ಅಂಟಿನ ಅಡಿಗೆ ನುಗ್ಗಿ ಅಂಚು ಹರಡುತ್ತದೆ. ಈ ಕೆಲಸದಲ್ಲಿ ಎಕ್ಲಿಪ್ಸ್ ಒಮ್ಮೆಯೂ ನಿರಾಸೆಗೊಳಿಸಿಲ್ಲ.

ನಿಜವಾದ ಪರೀಕ್ಷೆ ಬಿಎಫ್ 109 ಜಿ ಮಾದರಿಯದು. ಆರ್‌ಎಲ್‌ಎಂ (ಯುದ್ಧಕಾಲದ ಜರ್ಮನ್ ವಾಯುಯಾನ ಸಚಿವಾಲಯ) ಪಟ್ಟಿಯ 76ನೇ ಬಣ್ಣವಾದ ತಿಳಿ ಬೂದು-ನೀಲಿಯ ಪಕ್ಕಗಳ ಮೇಲೆ 74, 75 ಮತ್ತು 02 ಬಣ್ಣಗಳ ಮೋಡದಂಥ ಮಚ್ಚೆಗಳನ್ನು ಮೂಡಿಸಬೇಕು, ಅದೂ ಬಣ್ಣ ತಡೆಯುವ ಯಾವ ಮರೆಯ ಆಸರೆಯೂ ಇಲ್ಲದೆ. ಟಮಿಯಾ ಅಕ್ರಿಲಿಕ್‌ನ ಒಂದು ಪಾಲಿಗೆ ಎರಡು ಪಾಲು ಥಿನ್ನರ್, ಕೆಲವೊಮ್ಮೆ ಮೂರು ಪಾಲು; ಗಾಳಿಯ ಒತ್ತಡ 10ರಿಂದ 12 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್); ಮಾದರಿಯಿಂದ ಒಂದೂವರೆ ಸೆಂಟಿಮೀಟರ್ ದೂರ. ಈ ಮೂರರಲ್ಲಿ ಒಂದು ತಪ್ಪಿದರೂ ಮಚ್ಚೆಯ ಸುತ್ತ ಜೇಡನ ಕಾಲುಗಳಂತೆ ಬಣ್ಣ ಓಡುತ್ತದೆ, ಇಲ್ಲವೇ ಮರಳು ಚೆಲ್ಲಿದಂತೆ ಮೇಲ್ಮೈ ಒರಟಾಗುತ್ತದೆ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಆ ಎಳೆತ ಎಷ್ಟು ನಯವಾಗಿದೆಯೆಂದರೆ, ಬಣ್ಣ ಹೊರಡುವ ಘಳಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ನಾನು ಈ ಸಾಧನವನ್ನು ಮೆಚ್ಚಲು ಮುಖ್ಯ ಕಾರಣ ಇದೇ. ಎಳೆಯುವ ಮುನ್ನ ಗಾಳಿಯನ್ನು ಬಿಟ್ಟು, ನಿಲ್ಲಿಸಿದ ಮೇಲೂ ಗಾಳಿಯನ್ನು ಹರಿಸುತ್ತಿದ್ದರೆ ನಾಝಲ್‌ನೊಳಗಿನ ಸೂಜಿಯ ತುದಿಯಲ್ಲಿ ಬಣ್ಣ ಗಟ್ಟಿಯಾಗುವುದು ಕಡಿಮೆ. ಆದರೂ ಹತ್ತು ಹನ್ನೆರಡು ಮಚ್ಚೆಗಳಿಗೊಮ್ಮೆ ಥಿನ್ನರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತುದಿಯನ್ನು ಒರೆಸುತ್ತೇನೆ.

ಮೊದಲ ವರ್ಷ ಸೂಜಿಯನ್ನು ಸೇರಿಸುವಾಗ ನಾನೇ ಅವಸರಪಟ್ಟು ಅದರ ತುದಿಯನ್ನು ಬಗ್ಗಿಸಿದೆ. ಬಾಗು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಮಚ್ಚೆಗಳು ಮಾತ್ರ ಒಂದೇ ಪಕ್ಕಕ್ಕೆ ಚಿಮ್ಮುತ್ತಿದ್ದವು. ಹೊಸ ಸೂಜಿ ಹಾಕಿದ ಕೂಡಲೇ ಸರಿಹೋಯಿತು. ನಾಝಲ್ ಸುಮ್ಮನೆ ಕೂರಿಸುವ ಬಗೆಯದಾದ್ದರಿಂದ ಬಿಚ್ಚಲು ಸ್ಪ್ಯಾನರ್ ಬೇಕಿಲ್ಲ. ಸಣ್ಣ ತಿರುಪಿನ ನಾಝಲ್ ಮುರಿಯುವ ಭಯವೂ ಇಲ್ಲ. ಇನ್ನೊಂದು ತೊಂದರೆ ಏರ್‌ಬ್ರಶ್‌ನದಲ್ಲ: ಬೆಂಗಳೂರಿನ ಮಳೆಗಾಲದಲ್ಲಿ ಟ್ಯಾಂಕ್ ಇಲ್ಲದ ನನ್ನ ಹಳೆಯ ಕಂಪ್ರೆಸರ್ ಗಾಳಿಯ ಜೊತೆಗೆ ನೀರಿನ ಹನಿಗಳನ್ನೂ ಉಗುಳಿ, ಮುಗಿಯುತ್ತ ಬಂದಿದ್ದ ಒಂದು ಸ್ಪಿಟ್‌ಫೈರ್‌ನ ಹೊಟ್ಟೆಭಾಗವನ್ನು ಕೆಡಿಸಿತು. ಟ್ಯಾಂಕ್ ಮತ್ತು ತೇವ ಹಿಡಿಯುವ ಫಿಲ್ಟರ್ ಎರಡೂ ಇರುವ ಕಂಪ್ರೆಸರ್‌ಗೆ ಹಣ ಎತ್ತಿಡದೆ ಒಳ್ಳೆಯ ಏರ್‌ಬ್ರಶ್ ಕೊಳ್ಳಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಥಿನ್ನರ್ ಆವಿಯನ್ನು ತಡೆಯುವ ಮುಖಕವಚವೂ ಅಷ್ಟೇ ಅಗತ್ಯ. ಬಟ್ಟೆಯ ಮಾಸ್ಕ್ ಸಾಲದು.

ಸುಮಾರು 9 ಮಿಲಿಲೀಟರ್ ಹಿಡಿಯುವ ಬಟ್ಟಲು 1/72ಕ್ಕೆ ದೊಡ್ಡದೇ ಸರಿ, ಮಚ್ಚೆಗಳಿಗೆ ಐದಾರು ಹನಿ ಸಾಕು. 1/144 ಅಳತೆಯ ಮಚ್ಚೆಗಳಿಗೆ ನಾನು ಇದನ್ನು ಬಳಸುವುದಿಲ್ಲ: ಎರಡು ಬಾರಿ ಯತ್ನಿಸಿದೆ, ಎರಡು ಬಾರಿಯೂ ಮಚ್ಚೆಗಳು ಒಂದರೊಳಗೊಂದು ಸೇರಿ ಪಕ್ಕವೆಲ್ಲ ಒಂದೇ ಬೂದು ಬಣ್ಣವಾಯಿತು. ಅಲ್ಲಿಗೆ 0.2 ಮಿಲಿಮೀಟರ್ ನಾಝಲ್ ಬೇಕು.