ವ್ಯಾಗನ್ ಆರ್ ಎಜಿಎಸ್: ಕ್ಲಚ್ ಪೆಡಲ್ ಇಲ್ಲ, ಕ್ಲಚ್ ಇದ್ದೇ ಇದೆ

ಕ್ಲಚ್ ತುಳಿದು ಎಡಗಾಲು ಸೋತವರು ಬಳ್ಳಾರಿಯಲ್ಲಿ ಈಗ ಕೇಳುವ ಗಾಡಿಗಳಲ್ಲಿ ಮಾರುತಿ ವ್ಯಾಗನ್ ಆರ್ 1.2 ಎಜಿಎಸ್ (ಆಟೊ ಗೇರ್ ಶಿಫ್ಟ್, ಗೇರ್ ತಾನಾಗಿ ಬದಲಾಗುವ ಗಾಡಿ) ಒಂದು. ಮ್ಯಾನ್ಯುವಲ್ ಗಾಡಿಗಿಂತ ಸುಮಾರು 45–50 ಸಾವಿರ ರೂಪಾಯಿ ಹೆಚ್ಚು. ದುಡ್ಡಿಗೆ ಮೋಸವಿಲ್ಲ. ಆದರೆ ಇದನ್ನು 'ಫುಲ್ ಆಟೋಮ್ಯಾಟಿಕ್' ಅಂದುಕೊಂಡು ಓಡಿಸಿದರೆ ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ.

ಫುಲ್ ಆಟೋಮ್ಯಾಟಿಕ್ ಗಾಡಿಗಳಲ್ಲಿ ಕ್ಲಚ್ಚಿನ ಬದಲು ಇರುವ ಟಾರ್ಕ್ ಕನ್ವರ್ಟರ್ ಇದರೊಳಗೆ ಇಲ್ಲ. ಮ್ಯಾನ್ಯುವಲ್ ಗಾಡಿಯ ಅದೇ 5 ಗೇರಿನ ಗೇರ್‌ಬಾಕ್ಸ್, ಅದೇ ಒಣ ಸಿಂಗಲ್ ಪ್ಲೇಟ್ ಕ್ಲಚ್. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿ (ಆಟೊಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್) ಇದೇ ಬಗೆಯದು, ಮಾರುತಿ ಅದನ್ನೇ ಎಜಿಎಸ್ ಅನ್ನುತ್ತದೆ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಅದುಮಿಕೊಂಡಿರುತ್ತದೆ. ರಿಲೀಸ್ ಬೇರಿಂಗ್ ಡಯಾಫ್ರಂ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿದಾಗ ಹಿಡಿತ ಸಡಿಲವಾಗುತ್ತದೆ. ಆ ಒತ್ತುವ ಕೆಲಸ ಮ್ಯಾನ್ಯುವಲ್‌ನಲ್ಲಿ ಕಾಲಿನದು, ಇಲ್ಲಿ ಆಯಿಲ್ ಒತ್ತಡದಿಂದ ನಡೆಯುವ ಆಕ್ಚುಯೇಟರಿನದು. ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ ಒಂದೆರಡು ಸೆಕೆಂಡ್ 'ಗುಂಯ್' ಅನ್ನುವುದು ಅದರ ಪಂಪು, ಒತ್ತಡ ಕಟ್ಟಿಕೊಳ್ಳುತ್ತಿರುತ್ತದೆ. ಅದು ರಿಪೇರಿ ಅಲ್ಲ, ಗಾಬರಿ ಬೇಡ.

ಬ್ರೇಕ್ ಬಿಟ್ಟರೆ ಗಾಡಿ ತಾನಾಗಿ ಮೆಲ್ಲಗೆ ಹರಿದಾಡುತ್ತದಲ್ಲ, ಪ್ಲೇಟ್ ಸವೆಯುವುದು ಅಲ್ಲೇ. ಅದು ಹಾಫ್ ಕ್ಲಚ್ ಓಟ. ಪ್ಲೇಟ್ ಪೂರ್ತಿ ಕೂರದೆ ಉಜ್ಜುತ್ತಾ, ಬಿಸಿಯಾಗುತ್ತಾ ಸಾಗುತ್ತದೆ. ರಾಯಲ್ ಸರ್ಕಲ್ ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟ್ ಬಿದ್ದ ಸಾಲಿನಲ್ಲಿ ಅಡಿ ಅಡಿಯಾಗಿ ಜರುಗುತ್ತಾ ಹೋಗಬೇಡಿ. ಮುಂದೆ ಒಂದೆರಡು ಕಾರಿನಷ್ಟು ಜಾಗ ಬಿಡುವ ತನಕ ಬ್ರೇಕ್ ಒತ್ತಿ ನಿಂತು, ಆಮೇಲೆ ಒಮ್ಮೆಗೆ ಬಿಟ್ಟು ಹೋಗಿ. (ಆ ಜಾಗಕ್ಕೆ ಆಟೊ ನುಗ್ಗುತ್ತದೆ, ನುಗ್ಗಲಿ.) ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಡಿ ಯಲ್ಲಿ ಬ್ರೇಕ್ ಒತ್ತಿ ನಿಂತಷ್ಟು ಹೊತ್ತೂ ರಿಲೀಸ್ ಬೇರಿಂಗ್ ಮೇಲೆ ಭಾರ ಇದ್ದೇ ಇರುತ್ತದೆ.

ಸಂಡೂರು ಕಡೆಯ ಏರಿನಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಾಗ ಎಕ್ಸಲೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವವರಿದ್ದಾರೆ. ಪ್ಲೇಟ್ ಸುಡಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಒಂದೆರಡು ಸೆಕೆಂಡ್ ಮಾತ್ರ ಹಿಡಿಯುತ್ತದೆ, ನಿಲ್ಲಿಸಲು ಬ್ರೇಕೇ ಬೇಕು. ಏರಿಗೂ ಇಳಿಜಾರಿಗೂ ಎಂ ಮೋಡಿನಲ್ಲಿ (ಗೇರನ್ನು ನಾವೇ ಆರಿಸಿಕೊಳ್ಳುವ ಮೋಡ್) ಎರಡನೇ ಗೇರ್ ಹಾಕಿಕೊಳ್ಳಿ. ಇಳಿಯುವಾಗ ಎಂಜಿನ್ನೇ ಗಾಡಿ ತಡೆಯುತ್ತದೆ, ಬ್ರೇಕ್ ಬಿಸಿಯೇರುವುದಿಲ್ಲ. ಪಾರ್ಕಿಂಗಿಗೆ 'ಪಿ' ಇಲ್ಲ: ಗೇರಿನಲ್ಲೇ ಎಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಿರಿ.

ಹೊಸಪೇಟೆ ಹೆದ್ದಾರಿಯಲ್ಲಿ ಇದರ ದೊಡ್ಡ ಕೊರತೆ ಗೊತ್ತಾಗುತ್ತದೆ. ಗೇರ್ ಬದಲಾಗುವಾಗ ಅರೆಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ತೂಗುತ್ತದೆ. ಬದಲಾಗುವ ಹೊತ್ತಿಗೆ ಎಕ್ಸಲೇಟರ್ ತುಸು ಸಡಿಲಿಸಿದರೆ ತೂಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಲಾರಿ ದಾಟುವಾಗ ಮಾತ್ರ ಗೇರ್‌ಬಾಕ್ಸನ್ನು ನಂಬಿ ಬಲಕ್ಕೆ ಹೊರಳಬೇಡಿ. ಮೊದಲೇ ಎಂ ಮೋಡಿನಲ್ಲಿ ಮೂರಕ್ಕೆ ಇಳಿಸಿಕೊಂಡು ಆಮೇಲೆ ಹೊರಬನ್ನಿ. ಮೈಲೇಜ್ ವಿಷಯಕ್ಕೆ ದೂರಿಲ್ಲ: ಕಂಪನಿ ಲೆಕ್ಕದಲ್ಲಿ ಲೀಟರಿಗೆ 24.43 ಕಿ.ಮೀ., ಮ್ಯಾನ್ಯುವಲ್ಲಿಗಿಂತ ತುಸು ಹೆಚ್ಚೇ.

ನಾಲ್ಕು, ಐದನೇ ಗೇರಿನಲ್ಲಿ ಆರ್‌ಪಿಎಂ ಮುಳ್ಳು ಏರಿ ಸ್ಪೀಡ್ ಏರದಿದ್ದರೆ ಪ್ಲೇಟ್ ಜಾರುತ್ತಿದೆ ಎಂದರ್ಥ. ಹೊರಡುವಾಗ ಗಡಗಡ ನಡುಗಿದರೆ ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಫೇಸಿಂಗ್, ಸುಟ್ಟಿರಬಹುದು, ಆಯಿಲ್ ಹಿಡಿದಿರಬಹುದು, ಇಲ್ಲವೇ ಕ್ಲಚ್ ಕಚ್ಚುವ ಬಿಂದುವಿನ ಲೆಕ್ಕ ಕಂಪ್ಯೂಟರಿಗೆ ತಪ್ಪಿರಬಹುದು. ಗೇರೇ ಬೀಳದಿದ್ದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಬ್ಯಾಟರಿ ವೋಲ್ಟೇಜ್, ಆಕ್ಚುಯೇಟರ್ ಆಯಿಲ್ ಮಟ್ಟ ನೋಡಿಸಿ. ಬ್ಯಾಟರಿ ಸೋತರೆ ಪಂಪಿಗೆ ಒತ್ತಡ ಕಟ್ಟಲು ಆಗುವುದಿಲ್ಲ. ಕೆಂಪು ಧೂಳು ತೊಳೆಯಲೆಂದು ಬಾನೆಟ್ ತೆಗೆದು ಪ್ರೆಷರ್ ನೀರು ಹೊಡೆಸುವ ರೂಢಿ ಇಲ್ಲಿ ಜಾಸ್ತಿ, ಆಕ್ಚುಯೇಟರಿನ ಕನೆಕ್ಟರ್‌ಗಳಿಗೆ ಅದು ಒಳ್ಳೆಯದಲ್ಲ.

ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಬೇರಿಂಗ್ ಒಂದನ್ನು ಉಳಿಸಿದರೆ ಅದೇ ಕೂಲಿ ಮತ್ತೊಮ್ಮೆ ಕೊಡಬೇಕಾದೀತು. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಇವೆಯೇ ಅಂತ ಬೆಳಕಿನಲ್ಲಿ ನೋಡಿ. ಕ್ರ್ಯಾಂಕ್ ಆಯಿಲ್ ಸೀಲ್ ಜಿನುಗುತ್ತಿದ್ದರೆ ಆಗಲೇ ಬದಲಿಸಿ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿದಂತಿರಬೇಕು, ಮೆತ್ತಿದರೆ ಹಾರಿ ಫೇಸಿಂಗ್ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿ, ಸ್ಕ್ಯಾನರ್ ಹಚ್ಚಿ 'ಕ್ಲಚ್ ಲರ್ನಿಂಗ್' (ಹೊಸ ಕ್ಲಚ್ ಕಚ್ಚುವ ಬಿಂದುವನ್ನು ಕಂಪ್ಯೂಟರಿಗೆ ಕಲಿಸುವುದು) ಮಾಡಿಸದೆ ಗಾಡಿ ಹೊರತಂದರೆ ಹೊಸ ಕ್ಲಚ್ಚೂ ನಡುಗುತ್ತದೆ. ಮ್ಯಾನ್ಯುವಲ್ ಗಾಡಿಯಲ್ಲಿ ಪಳಗಿದ ಕೈಯ ಮೆಕ್ಯಾನಿಕ್ ಕೂಡ ಇಲ್ಲಿ ಎಡವುತ್ತಾನೆ. ಗ್ಯಾರೇಜಿನಲ್ಲಿ ಗಾಡಿ ಬಿಡುವ ಮುನ್ನ ರೇಟು ಆಮೇಲೆ ಕೇಳಿ, ಎಎಂಟಿ ಲರ್ನಿಂಗ್ ಮಾಡುವ ಸ್ಕ್ಯಾನರ್ ಇದೆಯೇ ಅಂತ ಮೊದಲು ಕೇಳಿ.